ದೊರೆಗಳ ಸ್ವಾರ್ಥ

ನಾನು ಹತ್ತಿರದಿಂದ ಕಂಡ ಒಬ್ಬರೇ ಒಬ್ಬ ದೊರೆ ಮೊಪೆಡ್ ಓಡಿಸುತ್ತಿದ್ದರು. ಪೇಟವನ್ನು ಬಟ್ಟೆಯ ಚೀಲದಲ್ಲಿಟ್ಟು ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಹೊರಡುವರು. ಹೋಗಬೇಕಾದ ಹಳ್ಳಿಯ ಗಡಿ ಬಂದೊಡನೆ ಗಾಡಿ ನಿಲ್ಲಿಸಿ, ಅದರ ಅಂಗೈಯಗಲದ ಕನ್ನಡಿಯಲ್ಲಿ ಬಗ್ಗಿ ನೋಡಿಕೊಳ್ಳುತ್ತ ಪೇಟ ಏರಿಸಿ, ಅಲ್ಲಿಂದ ಮುಂದಕ್ಕೆ ದೊರೆಗಳಾಗಿ ಹೊರಡುವರು. ಗಡಿಯ ಈಚೆಗೆ ಅವರು ಯಾರು ಎಂಬುದು ನನಗೆ ಬಹಳ ದಿನ ಗೊತ್ತಾಗಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಎಂದು ಆಮೇಲೆ ಅನ್ನಿಸಿತು.

ಹೆಸರು ಹೇಳುವುದಿಲ್ಲ. ಹೇಳಿದರೂ ಆ ಹನ್ನೊಂದು ಹಳ್ಳಿಗಳಲ್ಲಿ ಅರ್ಧ ಜನಕ್ಕೆ ಗುರುತು ಸಿಗಲಾರದು. ಅಲ್ಲಿ ಅವರು ಬರೀ ದೊರೆ. ಅವರ ಮುತ್ತಾತನ ಮುತ್ತಾತ ಪಾಳೇಗಾರನಾಗಿ ತಳಕಿಗೂ ಬಿ.ಜಿ. ಕೆರೆಗೂ ನಡುವಿನ ಒಂದಷ್ಟು ಬಯಲನ್ನು ಆಳಿದ್ದನಂತೆ. ಕಾಲ ಕಳೆದಂತೆ ಕುದುರೆ ಹೋಯಿತು, ಕಾಲಾಳು ಹೋದರು, ಹೊಲವೂ ಬಹುಪಾಲು ಹೋಯಿತು. ಉಳಿದದ್ದು ಕರ್ತವ್ಯ ಒಂದೇ. ಅದನ್ನು ಕೇಳಿಕೊಂಡು ಯಾವ ದಾಯಾದಿಯೂ ಬರಲಿಲ್ಲವಾದ್ದರಿಂದ ಅದಷ್ಟೂ ಇವರ ಪಾಲಿಗೆ ಬಂತು.

ನಾನು ಚಳ್ಳಕೆರೆಯವಳು. ದೊರೆಗಳಿದ್ದ ಊರಿನ ಹೈಸ್ಕೂಲಿಗೆ ಕನ್ನಡ ಟೀಚರಾಗಿ ಹೋದಾಗ ಊರಲ್ಲಿ ಖಾಲಿ ಇದ್ದದ್ದು ದೊರೆಗಳ ಮನೆಯ ಮುಂದಿನ ಎರಡು ಕೋಣೆ. ಊರವರು ಆ ಮನೆಯನ್ನು ಅರಮನೆ ಎನ್ನುತ್ತಿದ್ದರು. ಒಳಗೆ ಬರುವಾಗ ತಲೆ ತಗ್ಗಿಸಬೇಕಿತ್ತು; ಗೌರವಕ್ಕಲ್ಲ, ತೊಲೆ ಒಂದು ಕಡೆ ಬಾಗಿತ್ತು.

"ಯಾವೂರಮ್ಮ?" ಎಂದರು ಕುರ್ಚಿಯಲ್ಲಿ ನೆಟ್ಟಗೆ ಕೂತು.

"ಚಳ್ಳಕೆರೆ."

"ಎಣ್ಣೆ ಮಿಲ್ಲಿನ ಊರು," ಎಂದರು, ಆ ಎಣ್ಣೆಯಲ್ಲಿ ನನ್ನದೂ ಏನೋ ತಪ್ಪಿದೆ ಎಂಬಂತೆ. "ನೋಡಮ್ಮ, ಹೆಬ್ಬಾಗಿಲು ನಮಗೆ. ಹೆಂಗಸ್ರು ಪಕ್ಕದ ದಾರಿಯಾಗೆ ಓಡಾಡ್ತಾರೆ. ದೊರಸಾನಿನೂ ಅಲ್ಲೇ ಓಡಾಡೋದು."

ಒಪ್ಪಿಕೊಂಡೆ. ಹೆಬ್ಬಾಗಿಲ ಎರಡೂ ಬದಿಯ ಗೋಡೆ ಯಾವುದೋ ಮಳೆಗಾಲದಲ್ಲಿ ಕುಸಿದು ಮಣ್ಣಿನ ದಿಬ್ಬವಾಗಿತ್ತು. ಆಡು, ಕುರಿ, ನಾಯಿ, ನಾನು, ದೊರಸಾನಿ ಎಲ್ಲರೂ ಆ ದಿಬ್ಬದ ಮೇಲೆ ಹತ್ತಿಳಿದು ಓಡಾಡುತ್ತಿದ್ದೆವು. ದೊರೆಗಳೊಬ್ಬರು ಮಾತ್ರ ಒಂಟಿಯಾಗಿ ನಿಂತಿದ್ದ ಬಾಗಿಲಿನ ಬೀಗ ತೆಗೆದು, ಒಳಗೆ ಬಂದು, ಮತ್ತೆ ಬೀಗ ಹಾಕುತ್ತಿದ್ದರು.

ಅವರ ದಿನಚರಿಯೆಂದರೆ ಹನ್ನೊಂದು ಹಳ್ಳಿಗಳ ಮದುವೆ, ಸಾವು, ತಿಥಿ, ಜಗಳ. ಮೊದಲ ವೀಳ್ಯ ದೊರೆಯ ಕೈಗೆ ಬೀಳದೆ ಮದುವೆ ಮದುವೆಯಲ್ಲ, ದೊರೆ ಒಂದು ಹಿಡಿ ಮಣ್ಣು ಹಾಕದೆ ಗುಣಿ ಮುಚ್ಚುವಂತಿಲ್ಲ. ಮೈಯಲ್ಲಿ ಜ್ವರ ಇದ್ದರೂ ಹೋಗುವರು. ಅವರ ಮೊಪೆಡ್ಡಿನ ಸದ್ದು ಕೇಳಿದರೆ ಬೀದಿಯ ತುದಿಯ ಮುದುಕಿಯರು, "ದೊರ ವಚ್ಚಿನಾರು," ದೊರೆ ಬಂದರು, ಎಂದು ಎದ್ದು ಸೆರಗು ಸರಿಮಾಡಿಕೊಳ್ಳುವರು. ಆ ಕಡೆ ಅರ್ಧ ಜನ ತೆಲುಗಿನಲ್ಲೇ ಗೌರವ ಕೊಡುತ್ತಾರೆ. ದೊರೆಗಳು ನಗುವಂತಿಲ್ಲ, ಅಳುವಂತಿಲ್ಲ, ಬಡಿಸಿದ್ದಕ್ಕೆ ಉಪ್ಪು ಕಮ್ಮಿ ಎನ್ನುವಂತಿಲ್ಲ. ಸ್ವಂತ ಅಕ್ಕ ತೀರಿಕೊಂಡಾಗ ಹೆಣದ ತಲೆಯ ಬಳಿ ಒಂದು ಗಳಿಗೆ ನಿಂತು, ತಿರುಗಿ, "ದೂರದಿಂದ ಬಂದೋರಿಗೆ ಊಟಕ್ಕೆ ಏನ್ ಮಾಡೀರಿ?" ಎಂದು ಕೇಳಿದವರು ಅವರು. ಎಂಥ ಗಟ್ಟಿ ಜೀವ ಎಂದು ಜನ ಬೆರಗಾದರು. ನಾನೂ ಆದೆ. ಆ ಅಕ್ಕನೇ ಇವರನ್ನು ಎತ್ತಿ ಬೆಳೆಸಿದವಳು ಎಂಬುದು ಆಮೇಲೆ ತಿಳಿದು, ಬೆರಗು ಸ್ವಲ್ಪ ಇಳಿಯಿತು.

ಹನ್ನೊಂದರಲ್ಲಿ ಯಾವ ಹಳ್ಳಿಯಲ್ಲಿ ಸಾವಾದರೂ ಮಣ್ಣಾಗುವ ತನಕ ಅರಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಇದು ವಂಶದ ವ್ರತ. ಹನ್ನೊಂದು ಹಳ್ಳಿ ಎಂದ ಮೇಲೆ ಸಾವಿಗೇನು ಬರ? ದೊರೆಗಳು ಮೊಪೆಡ್ ಏರಿ ಸಾವಿನ ಮನೆಗೆ ಹೋಗುವರು. ಅಲ್ಲಿ ಯಾರಾದರೂ ಪಕ್ಕದ ಮನೆಯಿಂದ ಟೀ ಆದರೂ ತಂದು ಕೊಡುವರು. ದೊರಸಾನಿ ಮನೆಯಲ್ಲಿ ತಣ್ಣಗಿನ ಒಲೆಯ ಮುಂದೆ ಕೂರುವರು. ತ್ಯಾಗದ ಹೆಸರು ದೊರೆಗಳದು, ಹಸಿವು ಆಕೆಯದು. ನನ್ನ ಕೋಣೆಯ ಗ್ಯಾಸ್ ಒಲೆ ಯಾವ ವಂಶಕ್ಕೂ ಸೇರಿದ್ದಲ್ಲ ಎಂದು ನಾವಿಬ್ಬರು ಹೆಂಗಸರು ಕೂತು ತೀರ್ಮಾನಿಸಿದೆವು. ಆಮೇಲೆ ಹನ್ನೊಂದು ಹಳ್ಳಿಗಳ ಎಷ್ಟೋ ಸಾವುಗಳ ದಿನ ದೊರಸಾನಿ ನನ್ನ ಕೋಣೆಯಲ್ಲಿ ಉಪ್ಪಿಟ್ಟು ತಿಂದರು. ನಾನು ಆಕೆಯನ್ನು ಅಕ್ಕ ಎನ್ನತೊಡಗಿದ್ದು ಆಗಲೇ.

ಒಂದು ಸಲ ಶಾಲೆಯ ಮಕ್ಕಳನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿದ್ದೆವು. ದೊರೆಗಳೂ ಬಂದರು. ಅಶೋಕನ ಶಾಸನದ ಬಂಡೆಯ ಮುಂದೆ ಕೈಕಟ್ಟಿ ನಿಂತು, ತಮಗಿಂತ ವಯಸ್ಸಿನಲ್ಲಿ ಸ್ವಲ್ಪ ದೊಡ್ಡವನಾದ ನೆಂಟನ ಬಗ್ಗೆ ಹೇಳುವಂತೆ ಮಕ್ಕಳಿಗೆ ಹೇಳಿದರು: "ತಂದೆತಾಯಿ ಮಾತು ಕೇಳ್ಬೇಕು, ಗುರುಗಳಿಗೆ ಮರ್ಯಾದೆ ಕೊಡ್ಬೇಕು, ಪ್ರಾಣಿಗಳ ಮ್ಯಾಲೆ ದಯೆ ಇರ್ಬೇಕು ಅಂತ ಬರೆಸವ್ನೆ. ನಮ್ಮೋರೂ ಹಿಂಗೇ ಆಳಿದ್ರು."

"ಹೆಂಡತಿ ಬಗ್ಗೆ ಏನಾದರೂ ಬರೆಸಿದ್ದಾನಾ?" ಎಂದು ನಾನು ಕೇಳಿದೆ.

ಅವರು ಬಂಡೆಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿದರು. ಆ ಲಿಪಿ ಅವರಿಗೂ ಬರುತ್ತಿರಲಿಲ್ಲ, ನನಗೂ ಬರುತ್ತಿರಲಿಲ್ಲ. "ಅಂಥದ್ದೆಲ್ಲ ರಾಜರು ಕಲ್ಲಿನ ಮ್ಯಾಲೆ ಬರೆಸಂಗಿಲ್ಲ, ಟೀಚರಮ್ಮ," ಎಂದರು ಗಂಭೀರವಾಗಿ.

ಸೀರೆಯ ವಿಷಯ ನಡೆದದ್ದು ಆ ವರ್ಷವೇ. ಅಕ್ಕನ ಮದುವೆಯ ಸೀರೆ ಮೊಳಕಾಲ್ಮೂರಿನದು. ನೇರಳೆ ಮೈ, ಗಿಳಿಹಸಿರಿನ ದೊಡ್ಡ ಅಂಚು. ಆಕೆಯ ಅಪ್ಪ ನೇಕಾರರ ಮನೆಗೇ ಹೋಗಿ, ಮಗ್ಗದ ಪಕ್ಕದಲ್ಲಿ ಕೂತು, ಸೀರೆ ಮುಗಿಯುವ ತನಕ ದಿನ ಬಿಟ್ಟು ದಿನ ನೋಡಿಕೊಂಡು ಬಂದಿದ್ದನಂತೆ. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕುವಾಗ ನನ್ನನ್ನೂ ಕರೆದು ಮುಟ್ಟಿಸುತ್ತಿದ್ದರು. ಒಂದು ದಿನ ಪಕ್ಕದ ಹಳ್ಳಿಯಿಂದ ಕೂಲಿ ಮಾಡುವ ಒಬ್ಬಾತ ಬಂದು, ಮಗಳ ಮದುವೆ, ಧಾರೆಗೆ ಸೀರೆ ಇಲ್ಲ ಎಂದು ದೊರೆಗಳ ಮುಂದೆ ಕೈಮುಗಿದ. ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ದೊರೆಗಳು ಒಳಗೆ ಹೋಗಿ, ಪೆಟ್ಟಿಗೆ ತೆಗೆದು, ಕೈಗೆ ಸಿಕ್ಕ ಸೀರೆ ತಂದು ಕೊಟ್ಟರು. ಅಕ್ಕ ಆಗ ನೀರಿಗೆ ಹೋಗಿದ್ದರು.

ಅದು ಅಕ್ಕನಿಗೆ ತಿಳಿದದ್ದು ಮದುವೆಯಲ್ಲಿ. ಮುಂದಿನ ಸಾಲಿನಲ್ಲಿ ಕೂತು ಅಕ್ಷತೆ ಹಾಕಲು ಕೈಯೆತ್ತಿದಾಗ, ಹುಡುಗಿ ತಮ್ಮ ಸೀರೆ ಉಟ್ಟು ಕಾಲಿಗೆ ಬಿದ್ದಳು. ದೊರೆಗಳದ್ದು ಎಂಥ ದೊಡ್ಡ ಮನಸ್ಸು ಎಂದು ಚಪ್ಪರದ ತುಂಬ ಮಾತು.

"ಸೀರೆ ಹೋತು ಅಂತ ಅಲ್ಲ ಟೀಚರಮ್ಮ," ಎಂದರು ಅಕ್ಕ, ಮನೆಗೆ ಬಂದ ಮೇಲೆ. "ಆ ಹುಡುಗಿ ಮುಖ ನೋಡಿದ್ರೆ ನಾನೇ ಕೊಡ್ತಿದ್ದೆ. ಒಂದು ಮಾತು ಕೇಳ್ಲಿಲ್ಲ. ಸೀರೆ ನಂದು, ಪುಣ್ಯ ಪೂರಾ ಅವರೇ ಇಟ್ಕಂಡ್ರು."

ನಾನು ದೊರೆಗಳನ್ನು ಕೇಳಿಯೇ ಬಿಟ್ಟೆ: "ಅಕ್ಕನಿಗೆ ಒಂದು ಮಾತು ಹೇಳಬೇಕಿತ್ತಲ್ಲ?"

"ಯಾಕೆ? ಆಕೆ ಬ್ಯಾಡ ಅಂತಿದ್ಲಾ?"

"ಇಲ್ಲ."

"ಮತ್ತಿನ್ನೇನು?" ಎಂದು ಮೀಸೆಯ ಮೇಲೆ ಕೈಯಾಡಿಸಿದರು. ಒಬ್ಬ ಮನುಷ್ಯ ತನಗಾಗಿ ಏನನ್ನೂ ಇಟ್ಟುಕೊಳ್ಳದಿದ್ದರೆ, ಅವನ ಪಕ್ಕದಲ್ಲಿರುವವರಿಗೂ ಏನೂ ಉಳಿಯದಂತೆ ಎಷ್ಟು ಸಲೀಸಾಗಿ ಮಾಡಬಹುದು ಎಂಬುದನ್ನು ನಾನು ಆ ಮನೆಯಲ್ಲಿ ಕಲಿತೆ. ಆದರೆ ಅದನ್ನು ಸ್ವಾರ್ಥ ಎಂದು ಕರೆದರೆ ಹನ್ನೊಂದು ಹಳ್ಳಿಯೂ ನನ್ನ ಮೇಲೆ ಬೀಳುತ್ತಿತ್ತು.

ನಾನು ಹೋಗಿ ಆರನೆಯ ವರ್ಷಕ್ಕೆ ಅಕ್ಕನ ಹೊಟ್ಟೆಯಲ್ಲಿ ನೋವು ಶುರುವಾಯಿತು. ಎಷ್ಟೋ ತಿಂಗಳು ಯಾರಿಗೂ ಹೇಳದೆ ಇದ್ದು, ಒಂದು ಬೆಳಿಗ್ಗೆ ದಿಬ್ಬ ಹತ್ತಲಾರದೆ ಅಲ್ಲೇ ಕೂತುಬಿಟ್ಟರು. ಚಳ್ಳಕೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗರ್ಭಕೋಶದಲ್ಲಿ ಗಡ್ಡೆ. ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆಯೇ ಒಳ್ಳೆಯದೋ ಕೆಟ್ಟದ್ದೋ ಹೇಳಬಹುದು ಎಂದರು. ಆಪರೇಷನ್ ಮಾಡುವ ಡಾಕ್ಟರು ಚಿತ್ರದುರ್ಗದಿಂದ ವಾರಕ್ಕೊಂದು ದಿನ ಬರುವವರು. ಅವರು ಕೊಟ್ಟ ದಿನ, ದೇವರ ಎತ್ತುಗಳು ಊರಿಗೆ ಬರುವ ದಿನವಾಗಿತ್ತು.

ನಮ್ಮ ಕಡೆ ದೇವರಿಗೆ ಬಿಟ್ಟ ಎತ್ತುಗಳ ಮಂದೆ ಇರುತ್ತದೆ. ಅವನ್ನು ನೇಗಿಲಿಗೆ ಕಟ್ಟುವುದಿಲ್ಲ, ಮಾರುವುದಿಲ್ಲ. ವರ್ಷವಿಡೀ ಬಯಲಲ್ಲಿ ಮೇದು, ಆ ಒಂದು ದಿನ ಮಂದೆ ಊರೊಳಗೆ ಬರುತ್ತದೆ. ಮುಂದೆ ಪೇಟ ಇಟ್ಟು, ಬರಿಗಾಲಲ್ಲಿ ದೊರೆ ನಡೆಯಬೇಕು. ದೊರೆ ಮುಂದಿಲ್ಲದೆ ಎತ್ತು ಊರು ಹೊಗುವುದಿಲ್ಲ ಎಂಬುದು ಹನ್ನೊಂದು ಹಳ್ಳಿಗಳ ನಂಬಿಕೆ. ದೊರೆಗಳ ನಂಬಿಕೆ ಅವರೆಲ್ಲರದಕ್ಕಿಂತ ದೊಡ್ಡದು.

"ಡಾಕ್ಟರು ದಿನ ಬದಲಾಯಿಸಂಗಿಲ್ಲಂತಾ?" ಎಂದು ಕೇಳಿದರು.

"ಎತ್ತಿನ ದಿನ ಬದಲಾಯಿಸೋಕಾಗಲ್ವಾ?" ಎಂದೆ.

ಸೂರ್ಯನನ್ನು ಸ್ವಲ್ಪ ಆಚೆ ಸರಿಸಿ ಎಂದು ಕೇಳಿದವಳನ್ನು ನೋಡುವಂತೆ ನೋಡಿದರು. ಆಮೇಲೆ ವ್ಯವಸ್ಥೆಗೆ ಇಳಿದರು. ಅದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ತಳಕಿನಿಂದ ಕಾರು, ಹೊಸ ಫ್ಲಾಸ್ಕು, ಹೊಸ ಹೊದಿಕೆ, ರಕ್ತ ಬೇಕಾದರೆ ಕೊಡಲು ಇಬ್ಬರು ಗಟ್ಟಿಮುಟ್ಟಾದ ಗಂಡಸರು. ಮಗಳು ರಾಯದುರ್ಗದಲ್ಲಿ ಹಸಿ ಬಾಣಂತಿ, ಬರುವಂತಿರಲಿಲ್ಲ. ಅವಳಿಗೆ ವಿಷಯ ತಿಳಿಸದಿರುವ ವ್ಯವಸ್ಥೆಯೂ ಆಯಿತು. ಕಾರಿನ ಬಾಗಿಲು ಹಾಕಿ, "ಎಲ್ಲಾ ಆಗೈತೆ. ಏನೂ ಕಮ್ಮಿ ಇಲ್ಲ," ಎಂದು ನನಗೆ ಹೇಳಿದರು. ಕಮ್ಮಿ ಇದ್ದದ್ದು ಅವರೊಬ್ಬರೇ.

ಅಕ್ಕ ಆಸ್ಪತ್ರೆಯ ಹಸಿರು ಗೌನು ಹಾಕಿಕೊಂಡು ಮಂಚದ ಮೇಲೆ ಕೂತ ಮೇಲೆ, ನಾನೇ ತಡೆಯಲಾರದೆ, "ಬನ್ನಿ ಅಂತ ನೀವೇ ಒಂದು ಮಾತು ಅಂದಿದ್ರೆ ಬರ್ತಿದ್ರೋ ಏನೋ," ಎಂದೆ.

"ಬರ್ತಿದ್ರು," ಎಂದರು. "ಹೆಂಡ್ತಿ ಕರೆದ್ಲು, ಹೋಗೋದು ಧರ್ಮ ಅಂತ ಬರ್ತಿದ್ರು. ಆ ಬರೋದು ನನಗೆ ಬ್ಯಾಡ ಟೀಚರಮ್ಮ. ಮೂವತ್ತೆಂಟು ವರ್ಷ ಧರ್ಮದಲ್ಲೇ ನನ್ನ ನೋಡ್ಕಂಡವ್ರೆ. ಸಾಕಾತು."

ಮಧ್ಯಾಹ್ನ ಹನ್ನೆರಡಕ್ಕೆ ಒಳಗೆ ಕರೆದುಕೊಂಡು ಹೋಗುತ್ತೇವೆ ಎಂದಿದ್ದರು. ಹನ್ನೊಂದೂವರೆಯ ಹೊತ್ತಿಗೆ ಆಸ್ಪತ್ರೆಯ ಗೇಟಿನ ಕಡೆ ಗಲಾಟೆ ಕೇಳಿ ಕಿಟಕಿಯಿಂದ ಬಗ್ಗಿದೆ. ಈರುಳ್ಳಿ ಮೂಟೆ ತುಂಬಿದ ಲಗೇಜ್ ಆಟೋ ನಿಂತಿತ್ತು. ಮೂಟೆಗಳ ನಡುವಿನಿಂದ ದೊರೆಗಳು ಇಳಿಯುತ್ತಿದ್ದರು. ಪೇಟ ಓರೆಯಾಗಿ ಕಿವಿಯ ಮೇಲೆ ಬಂದಿತ್ತು. ಹಣೆಯ ಕುಂಕುಮ ಬೆವರಿಗೆ ಮೂಗಿನ ತನಕ ಇಳಿದಿತ್ತು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ನಾನು ಕೆಳಗೆ ಓಡಿದೆ.

"ನೀವು ಯಾರು?" ಎಂದು ಕಾವಲಿನವನು ಕೇಳುತ್ತಿದ್ದ. ಆ ಪ್ರಶ್ನೆಯನ್ನು ಅವರ ಬದುಕಿನಲ್ಲಿ ಯಾರೂ ಕೇಳಿರಲಿಲ್ಲ. ಕೊನೆಗೆ ಕಟ್ಟಡದ ಕಡೆ ಕೈ ತೋರಿಸಿ, "ಒಳಗ್ ಅವ್ಳಲ್ಲ... ಅವಳ ಗಂಡ," ಎಂದರು.

ಮೇಲೆ ಬಂದು ಮಂಚದ ಪಕ್ಕ ನಿಂತರು. ಅಕ್ಕ ಅವರನ್ನು ಕಾಲಿನಿಂದ ಪೇಟದ ತನಕ ನೋಡಿದರು.

"ಎತ್ತು?"

"ಊರ ಬಾಗ್ಲ ತನಕ ಮುಂದೆ ನಡೆದೆ. ಅಲ್ಲಿ ನಿಂತೆ. ಕಾಲು ಮುಂದಕ್ಕೆ ಹೋಗ್ಲಿಲ್ಲ. ಹಿಂದಕ್ಕೆ ತಿರುಗಿ ಟಾರ್ ರೋಡಿಗೆ ಬಂದೆ."

"ನಾನು ಕರೀಲಿಲ್ವಲ್ಲ. ಯಾಕ್ ಬಂದ್ರಿ?"

"ನಿನಗೋಸ್ಕರ ಬರ್ಲಿಲ್ಲ," ಎಂದರು ದೊರೆಗಳು. ನನಗೆ ಸಿಟ್ಟು ನೆತ್ತಿಗೇರಿತು. ಈ ಮನುಷ್ಯ ಇಲ್ಲೂ ಏನೋ ಧರ್ಮಸೂಕ್ಷ್ಮ ಹೇಳುತ್ತಾನೆ ಎಂದುಕೊಂಡೆ. ಆದರೆ ಅವರು ಮಂಚದ ಕಬ್ಬಿಣದ ಸರಳು ಹಿಡಿದು ಆಕೆಯ ಕಡೆ ಬಗ್ಗಿದರು. "ನನಗೆ ಹೆದರಿಕೆ ಆತು. ನೀನು ಎದ್ದು ಬರ್ದಿದ್ರೆ ನಾನು ಹೆಂಗ್ ಇರ್ಲಿ? ನನಗೆ ಬೇಕು ನೀನು. ಎತ್ತು, ಊರು, ಯಾರು ಏನಾದ್ರೂ ಆಗ್ಲಿ, ನನಗೆ ಬೇಕು." ಪೇಟದ ತುದಿಯನ್ನೇ ಎಳೆದು ಕಣ್ಣಿಗೆ ಒತ್ತಿಕೊಂಡರು. ಏಳು ಸುತ್ತಿನ ಆ ಪೇಟ ಅಷ್ಟು ವರ್ಷಗಳಲ್ಲಿ ಮೊದಲ ಸಲ ಒಂದು ಉಪಯೋಗಕ್ಕೆ ಬಂತು.

ಅಕ್ಕ ಕೈ ಚಾಚಿ, ಅವರ ಮೂಗಿನ ಮೇಲಿನ ಕುಂಕುಮವನ್ನು ಹೆಬ್ಬೆರಳಿನಿಂದ ಒರೆಸಿದರು. ಅಷ್ಟರಲ್ಲಿ ನರ್ಸು ಬಂದು ಆಕೆಯನ್ನು ಕರೆದುಕೊಂಡು ಹೋದಳು. ಒಳಗೆ ಹೋಗುವಾಗ ಆಕೆಯ ಮುಖದಲ್ಲಿ ನಗುವಿತ್ತು. ಗಡ್ಡೆ ಯಾವ ಜಾತಿಯದು ಎಂದು ತಿಳಿಯದೆ ಆಪರೇಷನ್ನಿಗೆ ಹೋಗುವವರ ಮುಖದಲ್ಲಿ ಕಾಣುವಂಥದ್ದಲ್ಲ ಅದು. ಎರಡೂವರೆ ಗಂಟೆ ದೊರೆಗಳು ಬೆಂಚಿನ ಮೇಲೆ ಕೂರಲಿಲ್ಲ. ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು.

ಆಪರೇಷನ್ ಚೆನ್ನಾಗಿ ಆಯಿತು. ಹದಿನೈದು ದಿನದ ಮೇಲೆ ಗಡ್ಡೆ ಕೆಟ್ಟದ್ದಲ್ಲ ಎಂಬ ಚೀಟಿ ಬಂತು.

ಇತ್ತ ಊರಲ್ಲಿ ಎತ್ತುಗಳು ದೊರೆಯಿಲ್ಲದೆಯೇ ಒಳಗೆ ನಡೆದಿದ್ದವು. ದೊರೆ ಬೇಕೇಬೇಕು ಎಂಬ ವಿಷಯವನ್ನು ಅವಕ್ಕೆ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ. ನೆಟ್ಟಗೆ ಬಂದು, ರಾಶಿ ಹಾಕಿದ್ದ ಬಾಳೆಹಣ್ಣು ತಿಂದು, ಸೆಗಣಿ ಹಾಕಿ ಹೋಗಿದ್ದವು. ಆದರೆ ಊರಿಗೆ ಅಷ್ಟು ಸುಲಭವಾಗಿ ಜೀರ್ಣವಾಗಲಿಲ್ಲ. ಬೇವಿನ ಕಟ್ಟೆಯಲ್ಲಿ ಹಿರಿಯರು ಕೂಡಿದರು. ದೊರೆಗಳ ದಾಯಾದಿ ತಮ್ಮನೇ ಮುಂದೆ ನಿಂತು ಕೇಳಿದ: "ಅಣ್ಣ, ಹನ್ನೊಂದು ಹಳ್ಳಿಗಿಂತ ನಿನಗೆ ನಿನ್ನ ಮನೆ ಹೆಚ್ಚಾತಾ? ಇದು ಸ್ವಾರ್ಥ ಅಲ್ವಾ?"

"ಹೌದಪ್ಪ, ಸ್ವಾರ್ಥ," ಎಂದರು ದೊರೆಗಳು.

ತಪ್ಪು ಕಾಣಿಕೆ ಎಂದು ಒಂದು ತೆಂಗಿನಕಾಯಿ ಒಡೆಸಿ, ಕೈಮುಗಿಸಿ ಬಿಟ್ಟುಬಿಡೋಣವೆಂದು ಹಿರಿಯರ ಲೆಕ್ಕಾಚಾರವಿತ್ತು. ಇವರು ಕಾಯಿ ಒಡೆಯಲಿಲ್ಲ. "ತಪ್ಪು ಅಂತ ನನಗೆ ಅನ್ಸಿದ್ರೆ ಒಡೀತಿದ್ದೆ," ಎಂದು ಎದ್ದು ಬಂದರು. ಆ ಸಂಜೆಯಿಂದಲೇ ಎತ್ತಿನ ಮುಂದೆ ನಡೆಯುವ ಗೌರವ, ಮೊದಲ ವೀಳ್ಯ, ಹಿಡಿ ಮಣ್ಣು ಎಲ್ಲವೂ ದಾಯಾದಿ ತಮ್ಮನಿಗೆ ಹೋಯಿತು. ಅವನ ಹತ್ತಿರ ಬುಲೆಟ್ ಇತ್ತು. ಜನಕ್ಕೂ ಬದಲಾವಣೆ ಹಿಡಿಸಿತು.

ಇದರಿಂದ ದೊರೆಗಳು ಪೂರ್ತಿ ಬದಲಾಗಿಬಿಟ್ಟರು ಎಂದು ಬರೆಯಲು ನನಗೂ ಆಸೆ. ಹಾಗೇನೂ ಆಗಲಿಲ್ಲ. ಕರ್ತವ್ಯ ಮಾಡಲು ಹನ್ನೊಂದು ಹಳ್ಳಿ ಸಿಗದೆ, ಅದಷ್ಟನ್ನೂ ಅಕ್ಕನ ಮಾತ್ರೆಗಳ ಮೇಲೆ ಹಾಕಿದರು. ಎಂಟು ಗಂಟೆಯ ಮಾತ್ರೆ ಎಂಟು ಐದಕ್ಕಾದರೆ ರಾಜ್ಯ ಮುಳುಗಿದಂತೆ ಮುಖ ಮಾಡುವರು. "ಮೊದ್ಲೇ ವಾಸಿ ಇತ್ತು, ಟೀಚರಮ್ಮ, ಊರೂರು ತಿರುಗ್ತಿದ್ರು," ಎಂದು ಅಕ್ಕ ನನ್ನ ಹತ್ತಿರ ಗೊಣಗುವರು. ಹಾಗೆ ಗೊಣಗುವಾಗ ಆಕೆ ಹತ್ತು ವರ್ಷ ಸಣ್ಣವರಾಗಿ ಕಾಣುತ್ತಿದ್ದರು.

ಮುಂದಿನ ವರ್ಷ ಎತ್ತುಗಳು ಬಂದ ದಿನ ಇಬ್ಬರೂ ಬಂದು ನನ್ನ ಜೊತೆ ಬೀದಿಯ ಬದಿಯ ಗುಂಪಿನಲ್ಲಿ ನಿಂತರು. ಮಂದೆ ಹತ್ತಿರ ಬಂತು. ಬಿಳಿ ಮೈ, ಅರಿಶಿನ ಬಳಿದ ಕೊಂಬು, ದೂಳಿನಲ್ಲಿ ಹೊಳೆಯುವ ಕಣ್ಣುಗಳು. ದೊರೆಗಳು ಬಾಯಿ ತೆರೆದುಕೊಂಡು ನೋಡುತ್ತಿದ್ದರು. "ಎಷ್ಟು ಚೆಂದ ಅದಾವಲ್ಲೇ!" ಎಂದರು ಅಕ್ಕನಿಗೆ. ನನಗೆ ಆಗ ಹೊಳೆಯಿತು: ನಲವತ್ತು ವರ್ಷ ಅವರು ಎತ್ತುಗಳ ಮುಂದೆಯೇ ನಡೆದಿದ್ದರು. ಆ ಮೆರವಣಿಗೆಯಲ್ಲಿ ಅವುಗಳ ಮುಖವನ್ನು ಅವರು ನೋಡಿಯೇ ಇರಲಿಲ್ಲ.

ನನಗೆ ಚಳ್ಳಕೆರೆಗೆ ವರ್ಗವಾಯಿತು. ಆಗಾಗ ಇಬ್ಬರನ್ನೂ ನೋಡಲು ಹೋಗಿಬಂದು ಮಾಡುತ್ತಿದ್ದೆ. ಈ ಬೇಸಿಗೆಯಲ್ಲಿ, ಅಕ್ಕನಿಗೆ ಎಳನೀರು ಕೆತ್ತಿಸಿಕೊಂಡು ಬರುತ್ತೇನೆಂದು ಹೋದ ದೊರೆಗಳು ಅಂಗಡಿಯ ಕಟ್ಟೆಯ ಮೇಲೆಯೇ ಕುಸಿದು ತೀರಿಕೊಂಡರು.

ಹನ್ನೊಂದನೆಯ ದಿನ ದೊಡ್ಡ ಶಾಮಿಯಾನ ಹಾಕಿದ್ದರು. ಬದುಕಿದ್ದಾಗ ಕೆಳಗಿಳಿಸಿದವರೇ ಈಗ ಅವರ ಫೋಟೋಗೆ ಪೇಟ ತೊಡಿಸಿ ಬ್ಯಾನರ್ ಮಾಡಿಸಿದ್ದರು. ದಾಯಾದಿ ತಮ್ಮ ಮೈಕು ಹಿಡಿದು ಕಣ್ಣೊರೆಸಿಕೊಂಡ. "ನಮ್ಮಣ್ಣ ತ್ಯಾಗಮೂರ್ತಿ. ಕರ್ತವ್ಯವೇ ಅವರ ಉಸಿರು. ಒಂದು ದಿನ, ಒಂದೇ ಒಂದು ದಿನ ಕೂಡ ಅವರು ತಮಗೋಸ್ಕರ ಬದುಕಲಿಲ್ಲ!"

ಜನ ತಲೆದೂಗಿದರು. ನನ್ನ ಪಕ್ಕದಲ್ಲಿ ಕೂತಿದ್ದ ಅಕ್ಕ ಎದ್ದು ನಿಂತರು. ಆಕೆ ಸಭೆಯಲ್ಲಿ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ.

"ಸುಳ್ಳು ಯಾಕ್ ಹೇಳ್ತೀಯಪ್ಪ?" ಎಂದರು, ಮೈಕಿಲ್ಲದೆಯೇ ಕೊನೆಯ ಸಾಲಿಗೂ ಕೇಳುವಂತೆ. "ಬದುಕಿದ್ರು."

"ಅತ್ತಿಗೆ, ಈಗ ಅದೆಲ್ಲ ಬ್ಯಾಡ, ಕೂತ್ಕಳ್ರಿ..."

"ಯಾಕ್ ಬ್ಯಾಡ? ಒಂದಿನ ಬದುಕಿದ್ರು. ಬರಿಗಾಲಾಗೆ ಬಂದಿದ್ರು. ಉಳಿದಿದ್ದೆಲ್ಲ ನಿಮ್ದು, ಹನ್ನೊಂದು ಹಳ್ಳಿಯೋರೂ ಹಂಚ್ಕಳ್ರಿ. ಆ ಒಂದಿನಕ್ಕೆ ಮಾತ್ರ ಯಾರೂ ಕೈ ಹಾಕ್ಬ್ಯಾಡ್ರಿ, ಅದು ನಂದು."